ಗಣಿಯ ಕತ್ತಲೆಯಲ್ಲಿ ಒಂದು ಭಯಚಿತ್ರ

ಭಯದ ಕಥೆಯೆಂದರೆ ನಮ್ಮ ಹಿರಿಯರಿಗೆ ಊರಾಚೆಯ ಹುಣಿಸೆಮರ, ಒಂದು ಹಾಳುಗುಡಿ, ಅಮಾವಾಸ್ಯೆಯ ರಾತ್ರಿ ಇಷ್ಟಿದ್ದರೆ ಸಾಕಾಗಿತ್ತು. ಆ ಕಥೆಗಳ ದೆವ್ವಕ್ಕೂ ಒಂದು ಮರ್ಯಾದೆಯಿತ್ತು. ಜನ ದುಡಿಯುವ ಗದ್ದೆಗೋ ಕಣಕ್ಕೋ ಅದು ಹಗಲಿನಲ್ಲಿ ಬರುತ್ತಿರಲಿಲ್ಲ. ಪಶ್ಚಿಮದ ಭಯಚಿತ್ರಗಳೂ ಬಹುಕಾಲ ಪಾಳುಬಿದ್ದ ಕೋಟೆ, ಸ್ಮಶಾನ, ಮಂಜು ಕವಿದ ಕಾಡು ಇವುಗಳನ್ನೇ ನೆಚ್ಚಿಕೊಂಡಿದ್ದವು. 1970ರ ದಶಕದ ಕೊನೆಯ ಹೊತ್ತಿಗೆ ಈ ಕಟ್ಟು ಮುರಿಯಿತು. ಭಯವು ಸಾಮಾನ್ಯರ ಬೀದಿಗೆ ಬಂತು, ಶಾಲೆಗೆ ಬಂತು, ರೈಲು ಹತ್ತಿತು. ಕೊನೆಗೆ ದಿನಗೂಲಿಯವನು ಬುತ್ತಿ ಹಿಡಿದು ಹೋಗುವ ಕೆಲಸದ ಜಾಗಕ್ಕೂ ಇಳಿಯಿತು.

ಹೀಗೆ ಇಳಿದ ಚಿತ್ರಗಳಲ್ಲಿ 1981ರಲ್ಲಿ ತೆರೆಕಂಡ ಕೆನಡಾದ 'ಮೈ ಬ್ಲಡಿ ವ್ಯಾಲೆಂಟೈನ್' ಒಂದು. ಅದು ಕಲ್ಲಿದ್ದಲ ಗಣಿಯಲ್ಲಿ ನಡೆಯುವ ಕೊಲೆಗಳ ಕಥೆ. ಇಂಥ ರಕ್ತಸಿಕ್ತ ಚಿತ್ರಕ್ಕೆ ನಮ್ಮ ಪುಟಗಳಲ್ಲೇನು ಕೆಲಸ ಎಂದು ಓದುಗರು ಹುಬ್ಬೇರಿಸಿದರೆ ತಪ್ಪೇನಿಲ್ಲ. ನಾವೂ ಮೊದಲು ಹಾಗೆಯೇ ಅಂದುಕೊಂಡೆವು. ಆದರೆ ಚಿತ್ರದ ಹಿಂದಿರುವ ಗಣಿಯ, ಊರಿನ, ಅಲ್ಲಿ ಸತ್ತವರ ಚರಿತ್ರೆಯನ್ನು ಓದುತ್ತ ಹೋದಂತೆ ಇದು ಕೇವಲ ಕೊಲೆಗಡುಕನ ಕಥೆಯಲ್ಲವೆನ್ನಿಸಿತು. ಕೋಲಾರದ ಚಿನ್ನದ ಗಣಿಯ ಹೆಸರು ಕೇಳುತ್ತ ಬೆಳೆದ ಕನ್ನಡಿಗರಿಗೆ ಆ ಚರಿತ್ರೆ ತೀರ ಪರಕೀಯವೂ ಅಲ್ಲ.

ಕಡಲ ಕೆಳಗಿನ ಇದ್ದಿಲು

ಕೆನಡಾದ ಪೂರ್ವ ತುದಿಯಲ್ಲಿ ನೋವಾ ಸ್ಕೋಶಿಯಾ ಪ್ರಾಂತ. ಅದಕ್ಕೆ ಸೇರಿದ ದ್ವೀಪ ಕೇಪ್ ಬ್ರೆಟನ್. ಇಲ್ಲಿ 1720ರಲ್ಲೇ ಫ್ರೆಂಚರು ತಮ್ಮ ಲೂಯಿಸ್‌ಬರ್ಗ್ ಕೋಟೆಯ ಅಗತ್ಯಕ್ಕಾಗಿ ಕಲ್ಲಿದ್ದಲು ತೆಗೆದರು. ಮುಂದೆ ಬ್ರಿಟಿಷರ ಕಂಪನಿಗಳು ಬಂದವು. ಗಣಿಯ ಸುತ್ತ ಊರುಗಳು ಹುಟ್ಟಿದವು: ಸಿಡ್ನಿ ಮೈನ್ಸ್, ಗ್ಲೇಸ್ ಬೇ, ನ್ಯೂ ವಾಟರ್‌ಫರ್ಡ್. ಭೂಮಿಯಡಿಯ ಇದ್ದಿಲಿನ ಪದರ ಕಡಲಿನತ್ತ ಚಾಚಿಕೊಂಡಿದ್ದುದರಿಂದ ಸುರಂಗಗಳೂ ಕಡಲ ತಳದ ಕೆಳಗೆ ಮೈಲಿಗಟ್ಟಲೆ ಸಾಗಿದವು. ಮೇಲೆ ಮೀನುಗಾರ ಬಲೆ ಬೀಸುತ್ತಿದ್ದರೆ ಅವನ ದೋಣಿಯ ಅಡಿಯಲ್ಲೆಲ್ಲೋ ಅವನ ತಮ್ಮನೇ ಪಿಕಾಸಿ ಬೀಸುತ್ತಿದ್ದಿರಬಹುದು.

ಊರಿನ ಬದುಕೆಲ್ಲ ಕಂಪನಿಯದಾಗಿತ್ತು. ಮನೆ ಕಂಪನಿಯದು, ದಿನಸಿ ಅಂಗಡಿ ಕಂಪನಿಯದು, ಅಂಗಡಿಯ ಸಾಲವನ್ನು ಕೂಲಿಯಲ್ಲಿ ಮುರಿದುಕೊಳ್ಳುವುದೂ ಕಂಪನಿಯೇ. ಕೂಲಿಯವನ ಕೈಗೆ ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. 1925ರ ದೊಡ್ಡ ಮುಷ್ಕರದಲ್ಲಿ ಕಂಪನಿ ಅಂಗಡಿಯ ಸಾಲವನ್ನು ನಿಲ್ಲಿಸಿತು. ಜೂನ್ 11ರಂದು ನ್ಯೂ ವಾಟರ್‌ಫರ್ಡಿನ ಬಳಿ ಕಂಪನಿಯ ಪೊಲೀಸರು ಹಾರಿಸಿದ ಗುಂಡಿಗೆ ವಿಲಿಯಂ ಡೇವಿಸ್ ಎಂಬ ಗಣಿಕಾರ್ಮಿಕ ಬಲಿಯಾದ. ಸಿಟ್ಟಿಗೆದ್ದ ಜನ ಕಂಪನಿಯ ಅಂಗಡಿಗಳನ್ನು ಸೂರೆ ಮಾಡಿದರು. ಇಂದಿಗೂ ಆ ದಿನವನ್ನು ನೋವಾ ಸ್ಕೋಶಿಯಾದ ಗಣಿ ಊರುಗಳಲ್ಲಿ ಡೇವಿಸ್ ದಿನವೆಂದು ಆಚರಿಸುತ್ತಾರೆ.

ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಗಣಿ. ಇದ್ದಿಲಿನ ಪದರದಿಂದ ಮೀಥೇನ್ ಎಂಬ ಅನಿಲ ಸದಾ ಒಸರುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಐದರಿಂದ ಹದಿನೈದರವರೆಗೆ ಸೇರಿಕೊಂಡರೆ ಒಂದು ಕಿಡಿ ಸಾಕು, ಸುರಂಗವೇ ಸಿಡಿಯುತ್ತದೆ. ಆ ಸಿಡಿತಕ್ಕೆ ಮೇಲೆದ್ದ ಇದ್ದಿಲ ಧೂಳಿಗೂ ಬೆಂಕಿ ಹತ್ತಿದರೆ ಹೇಳುವುದೇ ಬೇಡ. ಆದ್ದರಿಂದ ಗಾಳಿ ಆಡಿಸುವುದು, ಅನಿಲ ಅಳೆಯುವುದು, ಧೂಳಿನ ಮೇಲೆ ಸುಣ್ಣಕಲ್ಲಿನ ಪುಡಿ ಹರಡುವುದು ಇವು ಗಣಿಯ ನಿತ್ಯವಿಧಿಗಳು. ಒಂದು ದಿನ ತಪ್ಪಿದರೂ ಪ್ರಾಣಕ್ಕೆ ಸಂಚಕಾರ. 1917ರ ಜುಲೈ 25ರಂದು ನ್ಯೂ ವಾಟರ್‌ಫರ್ಡಿನ ಸ್ಫೋಟದಲ್ಲಿ 65 ಮಂದಿ ಸತ್ತರು. ಅದೇ ಪ್ರಾಂತದ ಸ್ಪ್ರಿಂಗ್‌ಹಿಲ್ಲಿನಲ್ಲಿ 1891ರ ಸ್ಫೋಟಕ್ಕೆ 125 ಮಂದಿ, 1956ರ ಸ್ಫೋಟಕ್ಕೆ 39 ಮಂದಿ, 1958ರ ಅಕ್ಟೋಬರಿನಲ್ಲಿ ಬಂಡೆ ಕುಸಿದು 75 ಮಂದಿ ಬಲಿಯಾದರು.

ನಮ್ಮ ಕಥೆಗೆ ಬೇಕಾದ ಗಣಿ ಸಿಡ್ನಿ ಮೈನ್ಸ್ ಊರಿನ ಪ್ರಿನ್ಸೆಸ್ ಗಣಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೋಡಿದ ಈ ಗಣಿ ಸುಮಾರು ನೂರು ವರ್ಷ ದುಡಿಯಿತು. 1938ರ ಡಿಸೆಂಬರಿನಲ್ಲಿ ಕಾರ್ಮಿಕರನ್ನು ಕೆಳಗಿಳಿಸುವ ಬಂಡಿಗಳ ಹಗ್ಗ ಹರಿದು ಸುಮಾರು 20 ಮಂದಿ ಸತ್ತದ್ದು ಇಲ್ಲಿಯೇ. 1975ರಲ್ಲಿ ಗಣಿಗೆ ಬೀಗ ಬಿತ್ತು. ಅಲ್ಲಿಗೆ ಐದು ವರ್ಷಕ್ಕೆ, 1980ರ ಶರತ್ಕಾಲದಲ್ಲಿ, ಕ್ಯಾಮರಾಗಳನ್ನು ಹೊತ್ತ ಒಂದು ತಂಡ ಆ ಊರಿಗೆ ಬಂದಿಳಿಯಿತು.

ತೆರಿಗೆ ಉಳಿಸಲು ಹುಟ್ಟಿದ ಚಿತ್ರಗಳು

ಆ ತಂಡ ಬಂದ ಹಿನ್ನೆಲೆಯೂ ತಿಳಿಯತಕ್ಕದ್ದೇ. 1978ರಲ್ಲಿ ಅಮೆರಿಕದ ಜಾನ್ ಕಾರ್ಪೆಂಟರ್ ಸುಮಾರು ಮೂರು ಲಕ್ಷ ಡಾಲರಿನ ಪುಟ್ಟ ಬಂಡವಾಳದಲ್ಲಿ 'ಹ್ಯಾಲೋವೀನ್' ಎಂಬ ಚಿತ್ರ ತೆಗೆದರು. ಮುಖವಾಡ ತೊಟ್ಟವನೊಬ್ಬ ಒಂದು ಹಬ್ಬದ ರಾತ್ರಿ ಹರೆಯದವರನ್ನು ಒಬ್ಬೊಬ್ಬರನ್ನಾಗಿ ಇರಿದು ಕೊಲ್ಲುವುದೇ ಅದರ ಕಥೆ. ಹಾಕಿದ ಹಣದ ನೂರಾರು ಪಟ್ಟು ಹಣ ಬಂತು. 1980ರ ಮೇ ತಿಂಗಳಲ್ಲಿ ಬಂದ 'ಫ್ರೈಡೇ ದ ಥರ್ಟೀನ್ತ್' ಚಿತ್ರವೂ ಹಾಗೆಯೇ ಗೆದ್ದಿತು. ಇಂಥ ಚಿತ್ರಗಳಿಗೆ ಸ್ಲ್ಯಾಷರ್ ಎಂಬ ಹೆಸರು ನಿಂತಿತು. ಒಂದು ಹಬ್ಬ, ಒಂದು ಮುಖವಾಡ, ಒಂದು ಹತ್ಯಾರ, ಒಂದು ಹಳೆಯ ಅಪರಾಧ ಇವಿಷ್ಟು ಕೂಡಿದರೆ ಚಿತ್ರ ಸಿದ್ಧ ಎಂಬಂತಾಯಿತು.

ಇತ್ತ ಕೆನಡಾ ಸರಕಾರ 1970ರ ದಶಕದ ನಡುವಿನಲ್ಲಿ ಒಂದು ತೆರಿಗೆ ವಿನಾಯಿತಿ ತಂದಿತ್ತು. ಸ್ವದೇಶಿ ಚಿತ್ರಕ್ಕೆ ಹೂಡಿದ ಹಣವನ್ನು ಪೂರ್ತಿಯಾಗಿ ಆದಾಯದಿಂದ ಕಳೆದು ತೋರಿಸಬಹುದಾಗಿತ್ತು. ವೈದ್ಯರು, ವಕೀಲರು ಸಹ ಚಿತ್ರಗಳಿಗೆ ಹಣ ಹಾಕತೊಡಗಿದರು. ದೇಶದ ಸಂಸ್ಕೃತಿ ಬೆಳೆಯಲೆಂದು ಮಾಡಿದ ಕಾನೂನಿನಿಂದ ಹೆಚ್ಚಾಗಿ ಬೆಳೆದದ್ದು ಅಮೆರಿಕದ ಮಾರುಕಟ್ಟೆಗೆ ಹೊಂದುವ ಅಗ್ಗದ ಚಿತ್ರಗಳು. ಶಾಲೆಯಲ್ಲಿ ನಡೆಯುವ 'ಪ್ರಾಮ್ ನೈಟ್', ರೈಲಿನಲ್ಲಿ ನಡೆಯುವ 'ಟೆರರ್ ಟ್ರೈನ್' ಎರಡೂ 1980ರ ಕೆನಡಾದ ಬೆಳೆಗಳೇ. ಮಾಂಟ್ರಿಯಲಿನ ಸಿನೆಪಿಕ್ಸ್ ಸಂಸ್ಥೆಯ ಜಾನ್ ಡನ್ನಿಂಗ್ ಮತ್ತು ಆಂದ್ರೆ ಲಿಂಕ್ ಈ ವ್ಯಾಪಾರವನ್ನು ಚೆನ್ನಾಗಿ ಬಲ್ಲವರು. ಮುಂದೆ ಖ್ಯಾತರಾದ ಡೇವಿಡ್ ಕ್ರೋನೆನ್‌ಬರ್ಗರ ಮೊದಲ ವರ್ಷಗಳ ಚಿತ್ರಗಳಿಗೆ ಆಸರೆಯಾದವರೂ ಅವರೇ.

ಹ್ಯಾಲೋವೀನ್ ಹಬ್ಬವನ್ನು ಒಬ್ಬರು ಹಿಡಿದರು, ಹದಿಮೂರನೆಯ ಶುಕ್ರವಾರವನ್ನು ಇನ್ನೊಬ್ಬರು ಹಿಡಿದರು. ಉಳಿದದ್ದು ಫೆಬ್ರವರಿ 14, ಪ್ರೇಮಿಗಳ ದಿನ. ಸ್ಟೀಫನ್ ಮಿಲ್ಲರ್ ಕಥೆ ಕೊಟ್ಟರು, ಜಾನ್ ಬೇರ್ಡ್ ಚಿತ್ರಕಥೆ ಬರೆದರು, ಹಂಗೇರಿ ಮೂಲದ ಜಾರ್ಜ್ ಮಿಹಾಲ್ಕಾ ನಿರ್ದೇಶಿಸಿದರು. ಬಂಡವಾಳ ಸುಮಾರು 23 ಲಕ್ಷ ಕೆನಡಾ ಡಾಲರ್. ಹೆಸರಾಂತ ನಟರು ಯಾರೂ ಇಲ್ಲ. ಚಿತ್ರ ಫೆಬ್ರವರಿಯಲ್ಲಿ ತೆರೆಗೆ ಬರಲೇಬೇಕು, ಚಿತ್ರೀಕರಣ ಆರಂಭವಾದದ್ದು ಹಿಂದಿನ ಸೆಪ್ಟೆಂಬರಿನಲ್ಲಿ. ತರಾತುರಿಯ ಕೆಲಸವೆಂದರೆ ಇದು.

ಊರು ಗುಡಿಸಿದ ಗಣಿ

ಪ್ರಿನ್ಸೆಸ್ ಗಣಿಯನ್ನು ಆರಿಸಿದ ಕಾರಣವೇ ಅದರ ಕೊಳೆ, ಮಸಿ, ಹಳತನ. ಆದರೆ ಚಿತ್ರತಂಡದವರು ಹೇಳಿಕೊಂಡಿರುವ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ಸಿನಿಮಾದವರು ಬರುತ್ತಾರೆಂಬ ಸುದ್ದಿ ತಿಳಿದ ಊರವರು ಗಣಿಯನ್ನು ಗುಡಿಸಿ, ತೊಳೆದು, ಬಣ್ಣ ಬಳಿದು ಇಟ್ಟರಂತೆ. ಮನೆಗೆ ನೆಂಟರು ಬರುವಾಗ ನಾವು ಪಡಸಾಲೆ ಸಾರಿಸುವುದಿಲ್ಲವೇ, ಹಾಗೆ. ತಂಡದವರು ಬಂದು ನೋಡಿ ತಲೆಯ ಮೇಲೆ ಕೈಹೊತ್ತು ಕೂತರು. ಮತ್ತೆ ಗಣಿಯನ್ನು ಕೊಳೆ ಮಾಡಲು ಸಾವಿರಾರು ಡಾಲರ್ ಖರ್ಚಾಯಿತಂತೆ.

ಓದಿದಾಗ ನಾವು ನಕ್ಕೆವು. ಆದರೆ ನಕ್ಕ ಮೇಲೆ ಮನಸ್ಸು ಕೊಂಚ ಭಾರವಾಯಿತು. ಅಪ್ಪ, ಅಜ್ಜ ದುಡಿದ ಜಾಗ ಲೋಕದ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಆ ಜನ ಬಯಸಿದರು. ಲೋಕಕ್ಕೆ ಬೇಕಾಗಿದ್ದುದು ಮಸಿ ಹಿಡಿದ ಗೋಡೆ.

ಭೂಮಿಯ ಅಡಿಯ ದೃಶ್ಯಗಳನ್ನು ನಿಜವಾಗಿ ಗಣಿಯೊಳಗೇ ತೆಗೆದರು. ಮೀಥೇನಿನ ಅಂಜಿಕೆಯಿಂದ ಬೇಕಾದಷ್ಟು ದೀಪ ಹಚ್ಚುವಂತಿರಲಿಲ್ಲ. ಇದ್ದಷ್ಟು ಮಂದ ಬೆಳಕಿನಲ್ಲೇ ಕೆಲಸ ಸಾಗಿತು. ಆ ಬಡತನವೇ ಚಿತ್ರಕ್ಕೆ ಭಾಗ್ಯವಾಯಿತು. ತೆರೆಯ ಮೇಲೆ ಕಾಣುವ ಕತ್ತಲೆ ಗಣಿಯದೇ ಕತ್ತಲೆ. ಕಾರ್ಮಿಕರು ಪಾಳಿ ಮುಗಿಸಿ ಬಂಡಿಯಲ್ಲಿ ಮೇಲೆ ಬರುವುದು, ಮೈ ತೊಳೆಯುವ ಮನೆಯಲ್ಲಿ ಅವರ ಉಡುಪುಗಳು ಸರಪಣಿಯ ಕೊಕ್ಕೆಗಳಿಂದ ಮಾಡಿನಲ್ಲಿ ತೂಗುವುದು, ಸಂಜೆ ಬಿಯರ್ ಅಂಗಡಿಯಲ್ಲಿ ಗಲಾಟೆ ಮಾಡುವುದು ಇವೆಲ್ಲ ಆ ಊರಿನ ನಿತ್ಯದ ಚಿತ್ರಗಳು. ಆ ತೂಗುವ ಉಡುಪುಗಳೇ ಕೊಲೆಯೊಂದರ ದೃಶ್ಯದಲ್ಲಿ ಹೆಂಗಸೊಬ್ಬಳ ಸುತ್ತ ಒಂದೊಂದಾಗಿ ಮೇಲಿಂದ ಇಳಿಯುತ್ತವೆ. ಒಳಗೆ ಮನುಷ್ಯನಿಲ್ಲದ ಬರಿಯ ಬಟ್ಟೆ. ನೋಡಿದವರಿಗೆ ಅದು ಬೇಗ ಮರೆಯುವುದಿಲ್ಲ.

ಕಥೆಯೊಳಗಿನ ಕಥೆ

ವ್ಯಾಲೆಂಟೈನ್ ಬ್ಲಫ್ಸ್ ಎಂಬ ಕಲ್ಪಿತ ಊರು. ಇಪ್ಪತ್ತು ವರ್ಷದ ಹಿಂದೆ ಪ್ರೇಮಿಗಳ ದಿನದ ನೃತ್ಯಕ್ಕೆ ಹೋಗುವ ಆತುರದಲ್ಲಿ ಇಬ್ಬರು ಮೇಲ್ವಿಚಾರಕರು ಅನಿಲದ ಮಟ್ಟ ಪರೀಕ್ಷಿಸದೆ ಗಣಿ ಬಿಟ್ಟು ಹೊರಟರು. ಕೆಳಗೆ ಐವರು ಇನ್ನೂ ಕೆಲಸದಲ್ಲಿದ್ದರು. ಸ್ಫೋಟವಾಯಿತು. ವಾರಗಳ ಮೇಲೆ ಅಗೆದು ನೋಡಿದಾಗ ಬದುಕುಳಿದವನು ಹ್ಯಾರಿ ವಾರ್ಡನ್ ಒಬ್ಬನೇ. ಸತ್ತ ಜೊತೆಗಾರರ ಮಾಂಸ ತಿಂದು ಉಳಿದಿದ್ದ, ಬುದ್ಧಿ ಕೆಟ್ಟಿತ್ತು. ಮರುವರ್ಷ ಅದೇ ದಿನ ಬಂದು ಆ ಇಬ್ಬರು ಮೇಲ್ವಿಚಾರಕರನ್ನು ಕೊಂದು, ಇನ್ನೆಂದೂ ಆ ನೃತ್ಯ ನಡೆಯಕೂಡದೆಂದು ಎಚ್ಚರಿಸಿದ. ಇಪ್ಪತ್ತು ವರ್ಷ ಕಳೆದು ಊರು ಮತ್ತೆ ನೃತ್ಯಕ್ಕೆ ಸಿಂಗರಿಸಿಕೊಳ್ಳುತ್ತದೆ. ಗಣಿಯವನ ಉಡುಪು, ಮುಖವಾಡ, ಪಿಕಾಸಿ ಹಿಡಿದ ಆಕೃತಿ ಮತ್ತೆ ಕಾಣಿಸುತ್ತದೆ.

ಊರ ಹಿರಿಯರು ಮಾಡುವ ಕೆಲಸ ನೋಡಿ. ಮೊದಲ ಕೊಲೆಯಾದಾಗ ಪೊಲೀಸ್ ಅಧಿಕಾರಿ ಅದು ಹೃದಯಾಘಾತವೆಂದು ಸುಳ್ಳು ಹೇಳುತ್ತಾನೆ. ಜನ ಗಾಬರಿಯಾಗಬಾರದೆಂಬ ಸದುದ್ದೇಶ. ನಿಜ ತಿಳಿಯದ ಹುಡುಗರು ಗಣಿಯಲ್ಲೇ ಕೂಟ ಏರ್ಪಡಿಸಿ ಸಾವಿನ ಬಾಯಿಗೆ ಹೋಗುತ್ತಾರೆ. ಮೊದಲು ಕೊಂದದ್ದು ಉದಾಸೀನ, ಆಮೇಲೆ ಕೊಂದದ್ದು ಮುಚ್ಚಿಡುವ ಬುದ್ಧಿ. ಕೊನೆಗೆ ತಿಳಿಯುವುದೇನೆಂದರೆ ಹ್ಯಾರಿ ವಾರ್ಡನ್ ಸತ್ತೇ ಐದು ವರ್ಷವಾಗಿದೆ. ಈಗ ಕೊಲ್ಲುತ್ತಿರುವವನು ಹಿಂದೆ ಸತ್ತ ಮೇಲ್ವಿಚಾರಕನೊಬ್ಬನ ಮಗ, ಎಳವೆಯಲ್ಲಿ ತಂದೆಯ ಕೊಲೆಯನ್ನು ಕಣ್ಣಾರೆ ಕಂಡವನು. ತಂದೆಯ ತಪ್ಪಿನ ಸಾಲ ಮಗನ ತಲೆಗೆ ಬಂದಿತ್ತು.

ಕಥಾನಾಯಕ ಟಿ.ಜೆ. ಊರಿನ ಮೇಯರನ ಮಗ. ಗಣಿಯ ಬದುಕು ಬೇಡವೆಂದು ಪಶ್ಚಿಮ ತೀರಕ್ಕೆ ಓಡಿಹೋಗಿ, ಅಲ್ಲಿ ಕೈಸೋತು, ತಲೆತಗ್ಗಿಸಿ ಮರಳಿದವನು. ಅವನ ಪ್ರೇಯಸಿ ಅಷ್ಟರಲ್ಲಿ ಗೆಳೆಯನ ಕೈಹಿಡಿಯುವ ಯೋಚನೆಯಲ್ಲಿದ್ದಾಳೆ. ಕೇಪ್ ಬ್ರೆಟನ್ನಿನ ತರುಣರು ತಲೆಮಾರುಗಳಿಂದ ಕೆಲಸ ಹುಡುಕಿ ಟೊರಾಂಟೊಗೋ ಆಲ್ಬರ್ಟಾಗೋ ಹೋಗುತ್ತ ಬಂದವರೇ. ಊರು ಬಿಟ್ಟವರ ಸಂಘದ ಓದುಗರಾದ ನಮಗೆ ಟಿ.ಜೆ.ಯ ಮುಖ ಎಲ್ಲೋ ಕಂಡಂತಿದ್ದರೆ ಅಚ್ಚರಿಯಿಲ್ಲ. ಸೋತು ಮರಳಿದವನನ್ನು ಊರು ನೋಡುವ ನೋಟ ಕೊಲೆಗಾರನ ಪಿಕಾಸಿಗಿಂತ ಮೊನಚು.

ಮುಖವಾಡದ ಹಿಂದಿನ ಮಾತು

ಚಿತ್ರದ ಕೊಲೆಗಾರ ತೊಡುವ ಮುಖವಾಡವನ್ನು ಕುರಿತು ಒಂದು ಮಾತು ಹೇಳಲೇಬೇಕು. ನೋವಾ ಸ್ಕೋಶಿಯಾದ ಗಣಿಗಳಲ್ಲಿ ವಿಷಗಾಳಿಯ ನಡುವೆ ಉಸಿರಾಟದ ಯಂತ್ರ ತೊಟ್ಟು ಸಿಕ್ಕಿಬಿದ್ದವರನ್ನು ಹುಡುಕಿ ಹೋಗುವವರಿಗೆ ಡ್ರೇಗರ್‌ಮನ್ ಎಂದು ಹೆಸರು. ಜರ್ಮನಿಯ ಡ್ರೇಗರ್ ಕಂಪನಿಯ ಯಂತ್ರದಿಂದ ಬಂದ ಪದವದು. 1936ರ ಏಪ್ರಿಲಿನಲ್ಲಿ ಮೂಸ್ ರಿವರ್ ಎಂಬಲ್ಲಿ ಚಿನ್ನದ ಗಣಿ ಕುಸಿದು ಮೂವರು ಸಿಕ್ಕಿಬಿದ್ದಾಗ ಇವರೂ ಸೇರಿ ಅಗೆದು ಇಬ್ಬರನ್ನು ಜೀವಂತ ತಂದರು. ಜೆ. ಫ್ರಾಂಕ್ ವಿಲ್ಲಿಸ್ ಗಣಿಯ ಬಾಯಿಯಿಂದಲೇ ರೇಡಿಯೋದಲ್ಲಿ ಗಂಟೆಗಂಟೆಗೂ ವರದಿ ಮಾಡಿದರು, ಇಡೀ ಉತ್ತರ ಅಮೆರಿಕ ಕಿವಿಗೊಟ್ಟು ಕೇಳಿತು. ಕಾಪಾಡಲು ಬರುವವನ ಮುಖವೂ ಆ ಊರುಗಳಲ್ಲಿ ಮುಖವಾಡದ ಮುಖವೇ. ಚಿತ್ರ ಅದನ್ನು ತಿರುವಿ ಕೊಲ್ಲುವವನ ಮುಖವಾಗಿಸಿತು. ಹೊರಗಿನವರಿಗೆ ಅದು ಬರಿಯ ಭಯ. ಊರಿನವರಿಗೆ ಎರಡು ಬಗೆಯ ನಡುಕ.

ದೀಪದ ಮಾತೂ ಹಾಗೆಯೇ. ಕತ್ತಲ ಸುರಂಗದಲ್ಲಿ ದೂರದಿಂದ ತಲೆದೀಪವೊಂದು ನಿಧಾನವಾಗಿ ಹತ್ತಿರ ಬರುವುದೇ ಚಿತ್ರದ ಮುಖ್ಯ ಭಯ. ಅದೇ ದ್ವೀಪದ ಗಣಿಕಾರ್ಮಿಕರ 'ಮೆನ್ ಆಫ್ ದ ಡೀಪ್ಸ್' ಎಂಬ ಹಾಡುಗಾರರ ಮೇಳವೊಂದಿದೆ. 1960ರ ದಶಕದಲ್ಲಿ ಕೆನಡಾ ಒಕ್ಕೂಟದ ಶತಮಾನೋತ್ಸವದ ಸಂದರ್ಭದಲ್ಲಿ ಹುಟ್ಟಿದ ಮೇಳ. ಸಭಾಂಗಣದ ದೀಪಗಳನ್ನೆಲ್ಲ ಆರಿಸಿ, ತಲೆಯ ಮೇಲಿನ ಗಣಿದೀಪಗಳನ್ನಷ್ಟೇ ಹೊತ್ತಿಸಿಕೊಂಡು, ಸಾಲಾಗಿ ಕತ್ತಲಲ್ಲಿ ನಡೆದು ವೇದಿಕೆಗೆ ಬರುವುದು ಅವರ ಸಂಪ್ರದಾಯ. ಒಂದೇ ದೀಪ. ಒಂದು ಕಡೆ ಸಾವು, ಇನ್ನೊಂದು ಕಡೆ ಹಾಡು.

ಕತ್ತರಿಯ ಕೆಲಸ

1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಗಾಯಕ ಜಾನ್ ಲೆನ್ನನ್ನರ ಕೊಲೆಯಾಯಿತು. ಹಿಂಸೆಯ ಚಿತ್ರಗಳ ಮೇಲೆ ಜನರ ಸಿಟ್ಟು ತಿರುಗಿದ್ದ ಹೊತ್ತು. ಅಮೆರಿಕದ ಚಿತ್ರ ಪರಿಶೀಲಕರು ಮತ್ತೆ ಮತ್ತೆ ಕತ್ತರಿಸಲು ಹೇಳಿದರು. 1981ರ ಫೆಬ್ರವರಿ 11ರಂದು ಪ್ಯಾರಾಮೌಂಟ್ ಸಂಸ್ಥೆ ಬಿಡುಗಡೆ ಮಾಡಿದಾಗ ಕೊಲೆಗಳ ದೃಶ್ಯಗಳು ಬಹುಪಾಲು ಮಾಯವಾಗಿದ್ದವು. ಗಳಿಕೆ ಸುಮಾರು 57 ಲಕ್ಷ ಡಾಲರ್, ದೊಡ್ಡ ಗೆಲುವೆನ್ನುವಂತಿಲ್ಲ. 2009ರಲ್ಲಿ ಸುಮಾರು ಮೂರು ನಿಮಿಷದ ದೃಶ್ಯಗಳನ್ನು ಹುಡುಕಿ ಮರಳಿ ಸೇರಿಸಿದರು. ಅದೇ ವರ್ಷ ಪೆನ್ಸಿಲ್ವೇನಿಯಾದ ಗಣಿಯೊಂದರಲ್ಲಿ ಚಿತ್ರೀಕರಿಸಿದ ಹೊಸ ಆವೃತ್ತಿಯೂ ಬಂತು.

ಕತ್ತರಿಸಿದ ರಕ್ತ ಮರಳಿದ್ದರಿಂದ ಚಿತ್ರ ಮೇಲಾಯಿತೆಂದು ನಾವು ಹೇಳಲಾರೆವು. ಅದರ ದೋಷಗಳೂ ಬೇಕಾದಷ್ಟಿವೆ. ಮಾತುಗಳು ಒರಟು, ಹೆಣ್ಣುಪಾತ್ರಗಳು ತೆಳು, ಬುದ್ಧಿಭ್ರಮಣೆಯನ್ನು ಬರಿಯ ಕ್ರೌರ್ಯವೆಂದು ತೋರಿಸುವ ಹಗುರತನ. ಆದರೆ ಕತ್ತರಿ ಮುಟ್ಟದ ಒಂದು ಭಾಗವಿತ್ತು. ಅನಿಲ ಅಳೆಯದೆ ಹೊರಟುಹೋದ ಇಬ್ಬರು ಮೇಲ್ವಿಚಾರಕರ ಕಥೆ. ಅದರಲ್ಲಿ ಯಾರಿಗೂ ಹಿಂಸೆ ಕಾಣಲಿಲ್ಲ.

ನಿಜವಾದ ಸಾವುಗಳು

ಚಿತ್ರೀಕರಣಕ್ಕೆ ಒಂದೂವರೆ ವರ್ಷ ಮುಂಚೆ, 1979ರ ಫೆಬ್ರವರಿ 24ರಂದು, ಅದೇ ದ್ವೀಪದ ಗ್ಲೇಸ್ ಬೇ ಊರಿನ 26ನೆಯ ನಂಬರ್ ಗಣಿಯಲ್ಲಿ ಸ್ಫೋಟವಾಗಿ 12 ಮಂದಿ ಸತ್ತಿದ್ದರು. ಪ್ರೇಮಿಗಳ ದಿನಕ್ಕೆ ಹತ್ತು ದಿನದ ಮೇಲೆ. ಚಿತ್ರ ಬಂದು ಹನ್ನೊಂದು ವರ್ಷಕ್ಕೆ, 1992ರ ಮೇ 9ರಂದು, ಅದೇ ಪ್ರಾಂತದ ವೆಸ್ಟ್‌ರೇ ಗಣಿ ಸಿಡಿದು 26 ಮಂದಿ ಸತ್ತರು. ಹನ್ನೊಂದು ಮಂದಿಯ ದೇಹಗಳು ಇಂದಿಗೂ ಗಣಿಯೊಳಗೇ ಇವೆ. ನ್ಯಾಯಮೂರ್ತಿ ಪೀಟರ್ ರಿಚರ್ಡ್ ನಡೆಸಿದ ವಿಚಾರಣೆಯ ವರದಿ 1997ರಲ್ಲಿ ಹೊರಬಂತು. ಅನಿಲ ಮತ್ತು ಧೂಳಿನ ವಿಷಯದಲ್ಲಿ ತೋರಿದ ಉದಾಸೀನವನ್ನು ಅದು ಪುಟಪುಟಗಳಲ್ಲಿ ಬಿಡಿಸಿಟ್ಟಿತು. ಮೊದಲೇ ಕಾಣಬಹುದಾಗಿದ್ದ ದುರಂತವಿದು ಎಂಬುದೇ ಅದರ ಸಾರ. ಆದರೂ ಯಾರೂ ಸೆರೆಮನೆಗೆ ಹೋಗಲಿಲ್ಲ. ಕೆಲಸಗಾರರ ಜೀವದ ಬಗೆಗಿನ ಉದಾಸೀನಕ್ಕೆ ಸಂಸ್ಥೆಗಳನ್ನೇ ಅಪರಾಧಿಗಳೆಂದು ಹಿಡಿಯುವ ತಿದ್ದುಪಡಿ ಕೆನಡಾದ ದಂಡಸಂಹಿತೆಗೆ ಬಂದದ್ದು 2004ರಲ್ಲಿ.

ನಮ್ಮ ದೇಶದ ಲೆಕ್ಕ ಇದಕ್ಕಿಂತ ದೊಡ್ಡದು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಮಂದಿ ಸತ್ತರು. ಅದರ ನೆನಪಿನಿಂದ ಹುಟ್ಟಿದ ಯಶ್ ಚೋಪ್ರಾರ 'ಕಾಲಾ ಪತ್ಥರ್' 1979ರಲ್ಲಿ ಬಂತು. ಕೋಲಾರದಲ್ಲಿ ನೆಲ ಎಷ್ಟು ಆಳವಾಯಿತೋ ಬಂಡೆ ಸಿಡಿಯುವ ಕಾಟವೂ ಅಷ್ಟೇ ಹೆಚ್ಚಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿತ್ತು. ಬಂಡೆಯ ಒತ್ತಡವನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಅಲ್ಲಿಯೇ ಹುಟ್ಟಿದ್ದು ಸುಮ್ಮನೆ ಅಲ್ಲ.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಕೇಪ್ ಬ್ರೆಟನ್ನಿನಲ್ಲಿ ಸರಕಾರದ ಕೊನೆಯ ಕಲ್ಲಿದ್ದಲ ಗಣಿ ಮುಚ್ಚಿದ್ದೂ ಅದೇ 2001ರ ನವೆಂಬರಿನಲ್ಲಿ. ಎರಡು ಊರುಗಳೂ ಕಂಪನಿಯ ಕೂಸುಗಳು, ಎರಡನ್ನೂ ಸರಕಾರ ಕೈಗೆತ್ತಿಕೊಂಡು ನಡೆಸಿತ್ತು, ಎರಡರ ಕೈಯನ್ನೂ ಒಂದೇ ವರ್ಷ ಬಿಟ್ಟಿತು. ಆಮೇಲೆ ಕೋಲಾರಕ್ಕೂ ಕ್ಯಾಮರಾ ಬಂತು. ಗಣಿಯಿಂದ ತೆಗೆದ ಮಣ್ಣಿನ ಸಯನೈಡ್ ಗುಡ್ಡಗಳಲ್ಲಿ ಚಿತ್ರಿಸಿದ 'ಕೆ.ಜಿ.ಎಫ್.' 2018ರ ಡಿಸೆಂಬರಿನಲ್ಲಿ ತೆರೆಕಂಡು ದೇಶವನ್ನೆಲ್ಲ ಸುತ್ತಿತು. ಚಿತ್ರ ನೋಡಿದ ಲಕ್ಷಾಂತರ ಮಂದಿಗೆ ಆ ಹೆಸರು ಈಗ ನಾಯಕನೊಬ್ಬನ ಹೆಸರಿನೊಡನೆ ನೆನಪಾಗುತ್ತದೆ. ಮೂರು ತಲೆಮಾರು ಅಲ್ಲಿ ಉಸಿರು ಸವೆಸಿದವರ ಹೆಸರು ಎಷ್ಟು ಮಂದಿಗೆ ಗೊತ್ತು?

ಮುಂಬಯಿಯ ಲಾಲ್‌ಬಾಗ್, ಪರೇಲಿನ ಗಿರಣಿಗಳ ಸುತ್ತ ಬದುಕು ಕಟ್ಟಿಕೊಂಡ ಹಳಬರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. 1982ರ ಮುಷ್ಕರದ ಮೇಲೆ ಒಂದೊಂದಾಗಿ ನಿಂತ ಗಿರಣಿಗಳ ಜಾಗದಲ್ಲಿ ಈಗ ಗಾಜಿನ ಅಂಗಡಿಗಳಿವೆ. ದುಡಿಮೆಯ ಜಾಗ ದುಡಿಮೆ ನಿಂತ ಮೇಲೆಯೇ ಇತರರಿಗೆ ಚೆಂದ ಕಾಣತೊಡಗುತ್ತದೆ.

ಅಗ್ಗದ ಭಯಚಿತ್ರವೊಂದನ್ನು ನಾವು ಇಷ್ಟು ದೂರ ಎಳೆದೆವೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಿಕೊಳ್ಳುತ್ತೇವೆ. ಮಾಡಿದವರಿಗೆ ಫೆಬ್ರವರಿ 14ರೊಳಗೆ ಚಿತ್ರ ಮುಗಿಸುವ ಚಿಂತೆಯಿತ್ತೇ ಹೊರತು ಚರಿತ್ರೆ ಬರೆಯುವ ಹಂಬಲವಿರಲಿಲ್ಲ. ಆದರೂ ನಿಜವಾದ ಗಣಿಗೆ ಇಳಿದದ್ದರಿಂದ ಗಣಿಯ ನಿಜವೊಂದು ಅವರ ಕಥೆಗೆ ಅಂಟಿಕೊಂಡು ಬಂತು. ಪಿಕಾಸಿ ಹಿಡಿದವನು ತೆರೆಯ ಮೇಲೆ ಹತ್ತಾರು ಮಂದಿಯನ್ನು ಕೊಲ್ಲುತ್ತಾನೆ, ದೀಪ ಹತ್ತಿದೊಡನೆ ಅವರೆಲ್ಲ ಎದ್ದು ಮನೆಗೆ ಹೋಗುತ್ತಾರೆ. ಅನಿಲ ಅಳೆಯದೆ ಹೊರಟುಹೋದವನು ಮುಖವಾಡ ತೊಟ್ಟಿರಲಿಲ್ಲ, ಅವನ ಕೈಯಲ್ಲಿ ಆಯುಧವೂ ಇರಲಿಲ್ಲ. ಅಂದು ಸಂಜೆ ಅವನು ಒಳ್ಳೆಯ ಬಟ್ಟೆ ತೊಟ್ಟು ನೃತ್ಯಕ್ಕೆ ಹೋಗಿದ್ದ, ಅಷ್ಟೆ.